ನಮ್ಮ ಹೋಟೆಲಿಗೆ ಲ್ಯಾಪ್‌ಟಾಪ್ ತಂದವರು

ಬೇಲೂರಿನ ಬಸ್ ನಿಲ್ದಾಣದ ಎದುರು ನಮ್ಮದೊಂದು ಸಣ್ಣ ಕಾಫಿ ಹೋಟೆಲ್ ಇತ್ತು. ಯಜಮಾನರು ಗಲ್ಲಾದಲ್ಲಿ, ನಾನು ಒಳಗೆ ಒಲೆಯ ಮುಂದೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು, ಲ್ಯಾಪ್‌ಟಾಪ್ ಹಿಡಿದವರು ಒಬ್ಬೊಬ್ಬರಾಗಿ ಬರತೊಡಗಿದರು. ಒಂದು ಕಾಫಿ ಕುಡಿದು ಗಂಟೆಗಟ್ಟಲೆ ಕೂರುವವರನ್ನು ಕಂಡರೆ ಯಜಮಾನರಿಗೆ ಸಿಡಿಮಿಡಿ. ನನಗೆ ಕುತೂಹಲ. ಮನೆ ಬಿಟ್ಟು ಇಲ್ಲೇ ಯಾಕೆ?

ಔಷಧಿ ಕಂಪನಿಯವರೊಬ್ಬರು ಅರಸೀಕೆರೆಯಿಂದ ಬರುತ್ತಿದ್ದರು. ಊಟಕ್ಕೆ ಹೋದ ಡಾಕ್ಟರು ಮತ್ತೆ ಸಿಗುವುದು ಸಂಜೆಗೆ. ಅಲ್ಲಿಯವರೆಗೆ ಕೂರಲು ಅವರಿಗೊಂದು ನೆರಳು ಬೇಕಿತ್ತು. ಹಳೇಬೀಡಿನ ಶಿಲ್ಪಗಳ ಫೋಟೊ ತೆಗೆಯುತ್ತಿದ್ದ ವಯಸ್ಸಾದವರೊಬ್ಬರಿಗೆ ಅವನ್ನು ನೋಡುವವರು ಬೇಕಿತ್ತು. ಪಕ್ಕದಲ್ಲಿ ಯಾರೇ ಕೂರಲಿ, ಪರದೆಯನ್ನು ಅವರತ್ತ ತಿರುಗಿಸುತ್ತಿದ್ದರು.

ನನಗೆ ಅರ್ಥವಾಗದೆ ಉಳಿದವರು ಒಬ್ಬರೇ, ಶನಿವಾರ ಮಧ್ಯಾಹ್ನ ಮಾದಿಹಳ್ಳಿ ಕಡೆಯ ಬಸ್ಸಿಳಿದು ಬರುತ್ತಿದ್ದ ಹೈಸ್ಕೂಲ್ ಟೀಚರ್. ನಾಲ್ಕು ಸಾಲು ಟೈಪ್ ಮಾಡಿ, ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನ ಕಾಫಿ ಇಡುತ್ತಾ ಕೇಳಿಯೇಬಿಟ್ಟೆ.

"ಯಾಕ್ ಟೀಚರ್, ಮನೇಲಿ ಜಾಗ ಇಲ್ವಾ?"

ಅವರು ನಕ್ಕರು. "ಜಾಗ ಐತೆ ಕಣಕ್ಕ. ಕೂತ ತಕ್ಷಣ ಯಾರಾದ್ರೂ ಕರೀತಾರೆ. ಅತ್ತೆಗೆ ಮಾತ್ರೆ ಕೊಡ್ಬೇಕು, ಮಗೂಗೆ ಹಸಿವು, ಇಲ್ಲಾ ಹಾಲು ಕರೆಯೋ ಹೊತ್ತು. ಎಂ.ಎ.ಗೆ ಒಂದು ಪ್ರಬಂಧ, ಎರಡ್ ವರ್ಷದಿಂದ ಬರೀತಾನೇ ಇದೀನಿ. ಇಲ್ಲಿ ನನ್ನ ಯಾರೂ ಕರೆಯಲ್ಲ."

ಎರಡನೇ ಬಿ.ಎ.ಗೆ ಬಿಡಿಸಿ ಮದುವೆ ಮಾಡಿದ್ದರು ನನಗೆ. ಕಾಲೇಜಿನ ಲೈಬ್ರರಿಯ ಉದ್ದನೆಯ ಮೇಜು, ಫ್ಯಾನಿನ ಸದ್ದು, ಪುಟ ತಿರುಗಿಸುವ ಸದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ಅಷ್ಟರಲ್ಲಿ ಗಲ್ಲಾದಿಂದ ಕೂಗು: "ಏ, ಎರಡು ಸ್ಟ್ರಾಂಗ್ ಕಣೇ!"

ಹೋದೆ.

ಅವತ್ತಿನಿಂದ ಶನಿವಾರ ಆ ಟೇಬಲ್ಲಿಗೆ ಬೇರೆಯವರನ್ನು ಕೂರಿಸಲಿಲ್ಲ.

"ಒಂದು ಕಾಫಿಗೆ ಒಂದು ಟೇಬಲ್ಲಾ?" ಎಂದರು ಯಜಮಾನರು.

"ಹೂಂ," ಎಂದೆ. ಅವರು ನನ್ನ ಮುಖ ನೋಡಿ ಚಿಲ್ಲರೆ ಎಣಿಸತೊಡಗಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಟೀಚರ್ ಪ್ರಬಂಧ ಮುಗಿಸಿದರು. ಬೈಂಡ್ ಮಾಡಿಸಿದ್ದನ್ನು ತಂದು ನನ್ನ ಕೈಗಿಟ್ಟರು. ಕೈ ಒದ್ದೆಯಾಗಿತ್ತು, ಸೆರಗಿಗೆ ಒರೆಸಿಕೊಂಡು ಮುಟ್ಟಿದೆ. ಅರಸೀಕೆರೆ ಕಡೆಗೆ ವರ್ಗವಾಗಿದೆ ಎಂದೂ ಅವತ್ತೇ ಹೇಳಿದರು. "ಬತ್ತೀನಿ ಅಕ್ಕ, ಈ ಕಡೆ ಬಂದ್ರೆ," ಎಂದರು. ಬರಲಿಲ್ಲ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತೇನೋ.

ಮುಂದಿನ ಶನಿವಾರ ಆ ಟೇಬಲ್ ಖಾಲಿಯಿತ್ತು. ಒಲೆ ಸಣ್ಣಗೆ ಮಾಡಿ ನಾನೇ ಹೋಗಿ ಕೂತೆ. ಇಷ್ಟು ವರ್ಷ ಬೇಕೆನಿಸಿದ್ದ ಮೇಜು ಸಿಕ್ಕಿತ್ತು, ಆದರೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹತ್ತು ನಿಮಿಷಕ್ಕೇ ಎದ್ದುಬಿಟ್ಟೆ. ಅದರ ಮುಂದಿನ ವಾರ, ಟ್ರಂಕಿನ ತಳದಲ್ಲಿದ್ದ ಬಿ.ಎ. ಪುಸ್ತಕವೊಂದನ್ನು ತೆಗೆದುಕೊಂಡು ಹೋದೆ. ಅರ್ಧ ಗಂಟೆ ಕೂತಿದ್ದೆ.