ಜನಕಪುರಿಯಲ್ಲಿ ಕೇಳಿದ ಅಮ್ಮನ ದನಿ

ಬೆಳಿಗ್ಗೆ ಎಂಟಕ್ಕೆ ಮಾನೇಸರ್ ಬಿಟ್ಟೆ. ಜನವರಿಯ ಮಂಜಿನಲ್ಲಿ ಶೇರ್ ಆಟೊ ಹೆಡ್‌ಲೈಟ್ ಹಾಕಿಕೊಂಡೇ ಗುರುಗ್ರಾಮದ ಮೆಟ್ರೊ ನಿಲ್ದಾಣ ತಲುಪಿತು, ಐವತ್ತು ರೂಪಾಯಿ. ಹೌಜ್ ಖಾಸ್‌ನಲ್ಲಿ ರೈಲು ಬದಲಿಸಿದೆ. ನಾನು ಬೆಳೆದ ಆರ್.ಕೆ.ಪುರಂ ನೆಲದಡಿಯಲ್ಲೇ ದಾಟಿಹೋಯಿತು. ಜನಕಪುರಿಯಲ್ಲಿಳಿದು ಗಾಡಿಯವನ ಬಳಿ ಬಿಸಿ ಛೋಲೆ ಕುಲ್ಚೆ ತಿಂದೆ.

ಮಾರುಕಟ್ಟೆಯ ಮೇಲಂತಸ್ತಿನಲ್ಲಿ ಎರಡು ಕೋಣೆಗಳ ದಾಖಲೆ ಸಂಗ್ರಹಾಲಯವಿದೆ. ಸರ್ಕಾರಿ ಕ್ವಾರ್ಟರ್ಸ್‌ಗಳ ಹಳೆಯ ಫೋಟೊ, ಪತ್ರ, ಕ್ಯಾಸೆಟ್‌ಗಳನ್ನು ಯಾರು ಬೇಕಾದರೂ ನೋಡಬಹುದು, ಕೇಳಬಹುದು. ತಿಂಗಳಿಗೊಮ್ಮೆ ಒಂದು ಕ್ಯಾಸೆಟ್ ಹಾಕಿ, ದನಿ ಯಾರದೆಂದು ಬಂದವರನ್ನೇ ಕೇಳಿ ಬರೆದಿಡುತ್ತಾರೆ. ಆ ದಿನದ್ದು ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಕ್ಯಾಸೆಟ್. ಅದರ ತುಣುಕನ್ನು ಇಂಟರ್‌ನೆಟ್ಟಿನಲ್ಲಿ ಕೇಳಿ, ಮೆತ್ತಗಿನ ದನಿ ನನ್ನ ಅಮ್ಮ ವಿಮಲಾಳದು ಎಂದು ಬರೆದು ಕಳಿಸಿದ್ದೆ. ಅಮ್ಮ ತೀರಿಕೊಂಡು ಹನ್ನೆರಡು ವರ್ಷ. ಅವಳ ದನಿ ಬೇರೆಲ್ಲೂ ಉಳಿದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಆಧಾರವಿಲ್ಲದೆ ಬರೆದೆನಲ್ಲ ಎಂದು ಆಮೇಲೆ ನನ್ನ ನೆನಪಿನ ಮೇಲೇ ಅನುಮಾನ ಬಂದಿತ್ತು.

ಪಕ್ಕದ ಕುರ್ಚಿಯಲ್ಲಿ ಆಗಿನ ನೆರೆಮನೆಯ ಫರೀದಾ ಆಂಟಿ ಕೂತಿದ್ದರು. ನಿರ್ವಾಹಕಿ ರಶ್ಮಿ ಕ್ಯಾಸೆಟ್ ಹಾಕಿದರು. ಅದರಲ್ಲಿ ಕ್ವಾರ್ಟರ್ಸಿಗೆ ನೀರು ಬಾರದ ಒಂದು ದಿನ. ಹೆಂಗಸರು ಎಂಜಿನಿಯರನ್ನು ಸುತ್ತುವರಿದಿದ್ದಾರೆ.

"ಬೈಠಿಯೇ ಸಾಹಬ್, ಚಾಯ್ ಲೀಜಿಯೇ," ಎಂದಿತು ಮೆತ್ತಗಿನ ದನಿ.

ಇನ್ನೊಂದು ಗುಡುಗಿತು: "ಪಾನೀ ಕಹಾಂ ಹೈ, ಸಾಹಬ್? ನೀರೇ ಇಲ್ಲ, ಇವಳದೊಂದು ಚಹಾ!"

"ಮೊದಲನೆಯದು ಅಮ್ಮ," ಎಂದೆ.

ಆಂಟಿ ನಕ್ಕರು. "ಅಯ್ಯೋ ಶ್ರೀಧರ, ಅದು ನಾನು! ಜಗಳ ಆಡ್ತಿರೋದು ನಿಮ್ಮಮ್ಮ."

"ಅಮ್ಮ ದನಿ ಎತ್ತಿದವಳೇ ಅಲ್ಲ, ಆಂಟಿ."

"ಎಲ್ಲಾ ಮರೆತುಬಿಟ್ಯಾ? ಇಡೀ ಬ್ಲಾಕು ಅವಳಿಗೆ ಹೆದರ್ತಿತ್ತು. ಅಚ್ಛಾ, ಮುಂದೆ ಕೇಳು."

ಗುಡುಗಿದ ದನಿಯೇ ಮತ್ತೆ ಕೂಗಿತು: "ಶ್ರೀಧರಾ, ಒಲೆ ಮೇಲೆ ಹಾಲಿದೆ, ನೋಡೋ!"

"ದೇಖ್ ರಹಾ ಹೂಂ, ಅಮ್ಮಾ!" ನೋಡ್ತಿದ್ದೀನಿ ಎಂದಿತು ದೂರದಿಂದ ಒಂದು ಎಳೆಯ ದನಿ.

ಆ ಬ್ಲಾಕಿನಲ್ಲಿ ಶ್ರೀಧರ ಎಂಬ ಹುಡುಗ ನಾನೊಬ್ಬನೇ ಇದ್ದದ್ದು.

ರಶ್ಮಿ ಕ್ಯಾಸೆಟ್ ನಿಲ್ಲಿಸಿ ನಾನು ಬರೆದು ಕಳಿಸಿದ್ದ ಚೀಟಿ ಕೊಟ್ಟರು. ಹಳೆಯ ಸಾಲಿಗೆ ಅಡ್ಡಗೆರೆ ಎಳೆದು ಬರೆದೆ: ಚಹಾ ಕೊಟ್ಟವರು ಫರೀದಾ, ಜಗಳವಾಡಿದವಳು ವಿಮಲಾ, ನನ್ನ ಅಮ್ಮ.

"ಹೊಡೆದುಹಾಕಿದ್ದೂ ಇರ್ಲಿ ಸರ್," ಎಂದರು ರಶ್ಮಿ, "ನಾವು ಏನನ್ನೂ ಅಳಿಸಲ್ಲ."

ಹಿಂದಿನ ಸಾಲಿನ ಕಾಲೇಜು ಹುಡುಗಿಗೆ ತಡೆಯಲಾಗಲಿಲ್ಲ. "ಕ್ಯಾ ಆಂಟಿ ಥೀ, ಯಾರ್! ಎಂಥಾ ಗಟ್ಟಿಗಿತ್ತಿ! ಚಲೋ ಮ್ಯಾಮ್, ಮುಂದಿಂದು ಹಾಕಿ."

ಕಾರ್ಖಾನೆಯಲ್ಲಿ ಎರಡನೇ ಪಾಳಿಯಿದ್ದುದರಿಂದ ಹೊರಟೆ. ಬಾಗಿಲು ತೆರೆದೇ ಇತ್ತು. ಒಳಗೆ ಕ್ಯಾಸೆಟ್ಟಿನಲ್ಲಿ ಅಮ್ಮ ಇನ್ನೂ ಎಂಜಿನಿಯರನ್ನು ಬಿಟ್ಟಿರಲಿಲ್ಲ. ಮೆಟ್ಟಿಲ ಮೇಲೆ ನಿಂತುಕೊಂಡೆ. ಎಂಜಿನಿಯರು "ಜೀ ಮೇಡಂ, ಆಜ್ ಹೀ" ಎಂದು ಆ ದಿನವೇ ನೀರು ಬಿಡಲು ಒಪ್ಪಿದ ಮೇಲೆಯೇ ಕೆಳಗಿಳಿದೆ.