ಮುಚ್ಚಳದ ವಾಸನೆ

ಬಾಮಿನ ವಾಸನೆ ಬಂದರೆ ಎಲ್ಲರಿಗೂ ಅಮ್ಮ ನೆನಪಾಗುತ್ತಾಳಂತೆ. ನನಗೆ ನೆನಪಾಗುವುದು ಮುನೆಮ್ಮತ್ತೆ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ, ದಿನಸಿ ಡಬ್ಬಿಗಳನ್ನೆಲ್ಲ ತುಂಬಿಸಿ ಆದ ಮೇಲೆ, ಔಷಧಿಯ ಗೋಡೆಬೀರು ತೆರೆದು ಅದರ ಮುಂದೆ ಕೂರುತ್ತೇನೆ. ಜ್ವರದ ಮಾತ್ರೆ ಮುಗಿದಿದೆಯೇ, ಎದೆಯುರಿಯ ಗುಲಾಬಿ ಔಷಧಿ ತಳ ಕಂಡಿದೆಯೇ, ಭೇದಿಯಾದರೆ ನೀರಿಗೆ ಕಲಸುವ ಪುಡಿ ಇದೆಯೇ ಎಂದು ನೋಡುತ್ತೇನೆ. ಅವಧಿ ಮೀರಿದ್ದನ್ನು ತೆಗೆದುಹಾಕುತ್ತೇನೆ. ಯಜಮಾನರ ಬಿಪಿ ಮಾತ್ರೆ ಬೇರೆಯದರ ಜೊತೆ ಬೆರೆಯದ ಹಾಗೆ ಮೇಲಿನ ಅರೆಗೆ ಹೋಗುತ್ತದೆ, ಹತ್ತಿ, ಬ್ಯಾಂಡೇಜು, ಥರ್ಮಾಮೀಟರು ಕೈಗೆ ತಕ್ಷಣ ಸಿಗುವ ಕಡೆ. “ಇರೋದು ಇಬ್ರು. ಒಂದೂರಿಗಾಗೋಷ್ಟು ತುಂಬಿದ್ದೀಯಲ್ಲೇ!” ಎಂದು ಯಜಮಾನರು ಕಿಚಾಯಿಸುತ್ತಾರೆ. ಕಿಚಾಯಿಸಲಿ. ನಾನು ತುಂಬುವುದು ಇಬ್ಬರಿಗಾಗಿ ಅಲ್ಲ, ಒಬ್ಬಳ ಮೇಲಿನ ಸೇಡಿಗೆ.

ಬೀರು ಕ್ಯಾಸಂಬಳ್ಳಿಯ ನಮ್ಮ ಹಳೇ ಮನೆಯದು. ಕಲ್ಲುಚಪ್ಪಡಿ ಹೊದಿಸಿದ, ಬೇಸಿಗೆಯಲ್ಲಿ ಒಲೆಯ ಹಾಗೆ ಕಾಯುತ್ತಿದ್ದ ಮನೆ. ಒಳಗೆ ಕಾಲಿಟ್ಟರೆ ರಾಗಿಹಿಟ್ಟು, ಸಗಣಿ, ಸೀಮೆಎಣ್ಣೆ ಮೂರೂ ಕಲೆತ ಒಂದು ವಾಸನೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಗಣಿಗೆ ಸೈಕಲ್ಲಿನಲ್ಲಿ ಹೋಗಿ, ಹುಬ್ಬಿನಲ್ಲಿ ಕಲ್ಲಿನ ಪುಡಿ ಹೊತ್ತು ಬರುತ್ತಿದ್ದರು. ಅಪ್ಪನ ಅಕ್ಕ ಮುನೆಮ್ಮತ್ತೆ, ತಾಯಿಯಿಲ್ಲದ ಆ ತಮ್ಮಂದಿರನ್ನು ಸಾಕಿದವಳು, ಹಾಗಾಗಿ ಮನೆ ಅವಳದೇ. ಗಣಿಯ ಹಳೇ ಹಲಗೆಯಿಂದ ಮಾಡಿಸಿದ ಈ ಬೀರುವಿನ ಬೀಗದಕೈ ಸದಾ ಅವಳ ಸೊಂಟದಲ್ಲಿ. ನಾವು ಮಕ್ಕಳು ಇಣುಕಿದರೆ, “ದೊಡ್ಡೋರ್ದು ಅದು, ಮುಟ್ಬ್ಯಾಡ್ರಿ” ಎಂದು ಗದರುತ್ತಿದ್ದಳು. ಆ ಮನೆಯಲ್ಲಿ ದೊಡ್ಡೋರು ಎಂದರೆ ಗಂಡಸರು ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಲಿಲ್ಲ. ಅಪ್ಪ ಒಂದು ಸಲ ಕೆಮ್ಮಿದರೆ ಬೀಗ ತೆರೆಯುತ್ತಿತ್ತು. ಅಮ್ಮನ ಕೈ ಸುಟ್ಟಾಗ ತೆರೆಯಲಿಲ್ಲ.

ಅಮ್ಮನಿಗೆ ತಲೆನೋವು ಬರುತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡು, ಹಣೆಗೆ ಹಳೇ ಸೀರೆಯ ತುಂಡು ಬಿಗಿದುಕೊಂಡು ಮುದ್ದೆ ತಿರುವುತ್ತಿದ್ದಳು. ಒಂದು ಮಧ್ಯಾಹ್ನ ತಡೆಯಲಾಗದೆ, “ಅತ್ತಿಗೆ, ಒಸಿ ಬಾಮ್ ಕೊಡಿ” ಎಂದು ಕೇಳಿಬಿಟ್ಟಳು. ಅತ್ತೆ ಬೀರು ತೆರೆದಳು. ಒಲೆಯ ಮುಂದೆ ಕೂತಿದ್ದ ನನಗೆ ಖುಷಿಯಾಯಿತು. ಅವಳು ಡಬ್ಬಿ ತೆಗೆದು, ಬೆರಳದ್ದಿ, ತನ್ನ ಹಣೆಗೆ ನಿಧಾನವಾಗಿ ಹಚ್ಚಿಕೊಂಡಳು. ಆಮೇಲೆ ಅಮ್ಮನ ಕೈಗೆ ಮುಚ್ಚಳ ಕೊಟ್ಟಳು. “ತಗಾ, ಮೂಸ್ಕೋ. ನಿಂಗೆ ಅಷ್ಟು ಸಾಕು. ನೀನೇನು ಗಣಿಗಿಳ್ದು ಬಂದ್ಯಾ?” ಅಮ್ಮ ಮೂಸಿದಳು. ಅದನ್ನೇ ನಾನು ಇವತ್ತಿಗೂ ಕ್ಷಮಿಸಿಲ್ಲ. ಎಸೆಯಲಿಲ್ಲ, ಅಳಲಿಲ್ಲ, ಮೂಸಿ, ಸೆರಗಿನಿಂದ ಒರೆಸಿ ವಾಪಸು ಕೊಟ್ಟು ಮುದ್ದೆಗೆ ಕೂತಳು.

ಅಮ್ಮ ಹೋದ ಮೇಲೆ ಆ ಮನೆ ಕೆಡವಿದರು. ಪಾತ್ರೆ ಬೇಕಾ, ಒರಳು ಬೇಕಾ ಎಂದು ಚಿಕ್ಕಪ್ಪನ ಮಗ ಕೇಳಿದಾಗ, ಬೀರು ಒಂದು ಸಾಕು ಎಂದೆ. ತಂದವಳೇ ಮೊದಲು ಬೀಗ ಕಿತ್ತೆ, ಚಿಲಕವನ್ನೂ ಕಿತ್ತೆ. ನೀಲಿ ಬಣ್ಣ ಹಚ್ಚಿ, ಕುಳ್ಳಗಿದ್ದ ಅಮ್ಮನಿಗೆ ಎಟುಕುವಷ್ಟು ಎತ್ತರಕ್ಕೆ ಗೋಡೆಗೆ ಹೊಡೆಸಿದೆ. ತುಂಬಿಸಿದೆ. ಕಾದೆ.

ಕಳೆದ ಮಾಗಿಯಲ್ಲಿ ಅತ್ತೆ ಬಂದಳು. ಬಂಗಾರಪೇಟೆಯಲ್ಲಿ ಡಾಕ್ಟರಿಗೆ ಮಂಡಿ ತೋರಿಸಿ, ಕ್ಯಾಸಂಬಳ್ಳಿಯ ಬಸ್ಸು ತಪ್ಪಿಸಿಕೊಂಡು, ನಮ್ಮಲ್ಲಿ ಉಳಿದಳು. ಬೀರುವಿನ ಕೆಳಗೇ ಚಾಪೆಯ ಮೇಲೆ ಕಾಲು ಚಾಚಿ ಕೂತವಳು ತಲೆಯೆತ್ತಿ ನೋಡಿದಳು. ಬಣ್ಣ ಬದಲಾದರೂ ಗುರುತು ಸಿಕ್ಕಿತು.

“ಇದು ನಮ್ಮನೇದಲ್ವೇನೇ ಸರೋಜಾ? ಬೀಗ ಎಲ್ಲಿ?”

“ಕಿತ್ತಾಕ್ದೆ ಅತ್ತೆ.”

ಅವಳ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಲ್ಲೇನೂ ಇರಲಿಲ್ಲ. “ಒಸಿ ಬಾಮ್ ಕೊಡೇ, ಮಂಡಿ ಸಿಡೀತೈತೆ” ಎಂದಳು.

ಡಬ್ಬಿ ತೆಗೆದೆ, ತಿರುಗಿಸಿದೆ, ಮುಚ್ಚಳವನ್ನು ಅವಳ ಕೈಗಿಟ್ಟೆ. “ಮೂಸ್ಕೋ ಅತ್ತೆ. ಅಷ್ಟು ಸಾಕು.”

ಅವಳು ನನ್ನ ಮುಖ ನೋಡಿದಳು. ಮುಚ್ಚಳ ನೋಡಿದಳು.

“ನಿಮ್ಮಮ್ಮ ಯೋಳಿದ್ಲಾ?”

“ಅಮ್ಮ ಯಾವತ್ತೂ ಹೇಳ್ಲಿಲ್ಲ. ನಾನು ಅಲ್ಲೇ ಇದ್ದೆ, ಒಲೆ ಮುಂದೆ.”

ಮುಚ್ಚಳವನ್ನು ಚಾಪೆಯ ಮೇಲಿಟ್ಟಳು. ತಪ್ಪಾಯಿತು ಎನ್ನುತ್ತಾಳೇನೋ ಅಂದುಕೊಂಡೆ. “ಗಂಡಸ್ರು ಕಾಯ್ಲೆ ಬಿದ್ದು ಮಲಗ್ಬಿಟ್ರೆ ಮನೆ ಮುಳುಗೋಗ್ತಿತ್ತು ಕಣೇ ಆಗ. ನಿಮ್ಮಮ್ಮ ಎಂಗೂ ಎದ್ದೇಳ್ತಿದ್ಲಲ್ಲ.”

ಡಬ್ಬಿಯನ್ನು ಬೀರುವಿನಲ್ಲಿ ಅದರ ಜಾಗಕ್ಕೇ ಇಟ್ಟೆ, ಬಾಗಿಲು ಪೂರ್ತಿ ತೆರೆದೇ ಬಿಟ್ಟೆ. “ಬೀಗ ಇಲ್ಲ ಅತ್ತೆ, ಎದ್ದು ತಗೋ. ನೀನೂ ಹೆಂಗೂ ಎದ್ದೇಳ್ತೀಯಲ್ಲ” ಎಂದು ಅಡುಗೆಮನೆಗೆ ನಡೆದೆ.

ಹಿಂದೆ ಗೋಡೆಗೆ ಕೈ ಊರಿದ ಸದ್ದು, ಬಳೆಯ ಸದ್ದು, ಮಂಡಿ ಲಟಕ್ಕೆಂದ ಸದ್ದು. ಅಯ್ಯೋ ಎಂದಳು. ನಾನು ತಿರುಗಿ ನೋಡಲಿಲ್ಲ. ನನಗೆ ಮರುಕ ಹುಟ್ಟಲಿಲ್ಲ, ಹುಟ್ಟಿತೆಂದು ಬರೆದರೆ ಸುಳ್ಳಾಗುತ್ತದೆ. ಅತ್ತೆ ಎದ್ದು, ಡಬ್ಬಿ ತೆಗೆದುಕೊಂಡು ಕೂತು, ಹಚ್ಚಿಕೊಂಡಳು. ಬೇಕಾದಷ್ಟು ಹಚ್ಚಿಕೊಂಡಳು. ವಾಸನೆ ನಡುಮನೆ ದಾಟಿ ಅಡುಗೆಮನೆಗೆ ಬಂತು, ಹಿಟ್ಟು ಹಾಕಿದ ಎಸರಿನ ಆವಿಯ ಜೊತೆ ಸೇರಿತು.

ಇದನ್ನು ನೋಡಲು ಅಮ್ಮ ಇರಬೇಕಿತ್ತು. ಇದ್ದಿದ್ದರೆ, ನಾನು ಬಲ್ಲೆ, ಓಡಿಹೋಗಿ ಅತ್ತಿಗೆಯ ಮಂಡಿ ತಾನೇ ತಿಕ್ಕುತ್ತಿದ್ದಳು, ನನ್ನನ್ನೇ ಬೈಯುತ್ತಿದ್ದಳು. ಚಿಕ್ಕವಳಿದ್ದಾಗ ಅವಳ ಮಗ್ಗುಲಲ್ಲಿ ಮಲಗಿ ಹಣೆಗೆ ಮುಖ ಒತ್ತಿಕೊಳ್ಳುತ್ತಿದ್ದೆ. ಹೊಗೆಯ ವಾಸನೆ ಇರುತ್ತಿತ್ತು, ರಾಗಿಯ ವಾಸನೆ ಇರುತ್ತಿತ್ತು, ಬಿಗಿದ ಬಟ್ಟೆಯ ಬೆವರು ಇರುತ್ತಿತ್ತು. ಈಗ ನನ್ನ ಮನೆಯೆಲ್ಲ ತುಂಬಿರುವ ಈ ವಾಸನೆ ಅಲ್ಲಿ ಒಂದು ದಿನವೂ ಇರಲಿಲ್ಲ.