ಜಪಾನಿ ಪದಕದ ಡಬ್ಬಿ

ಕೌಲಾಲಂಪುರದ ಲಾಕ್‌ಡೌನಿನಲ್ಲಿ ಬ್ರಿಕ್‌ಫೀಲ್ಡ್ಸ್‌ನ ನಮ್ಮ ಫ್ಲ್ಯಾಟಿನವರೆಲ್ಲ ಕೇಕು ಬ್ರೆಡ್ಡು ಕಲಿತರೆ, ನನಗೆ ಹಳೆಯ ಜಪಾನಿ ಸೇನಾ ಪದಕಗಳ ಹುಚ್ಚು ಹಿಡಿಯಿತು. ಪದಕಗಳದ್ದೂ ಅಲ್ಲ, ಅವನ್ನಿಟ್ಟು ಕೊಡುತ್ತಿದ್ದ ಡಬ್ಬಿಗಳದ್ದು. ಕೆಲವು ಪದಕಗಳ ರೂಪ ಎಷ್ಟೋ ದಶಕ ಬದಲಾಗಲೇ ಇಲ್ಲ. ಯಾವ ಕಾಲದ್ದೆಂದು ಡಬ್ಬಿಯೇ ಹೇಳಬೇಕು. ಹಳೆಯವಕ್ಕೆ ಕರಿ ಮೆರುಗಿನ ಮರ, ಚಿನ್ನದ ಅಕ್ಷರ. ಎರಡನೇ ಮಹಾಯುದ್ಧದಲ್ಲಿ ಸಾಮಾನಿಗೆ ತತ್ವಾರವಾದಾಗ ಬರೀ ರಟ್ಟು. ಆನ್‌ಲೈನ್ ಗುಂಪೊಂದರಲ್ಲಿ ಇಷ್ಟು ಕಲಿತು ಸಿಕ್ಕಸಿಕ್ಕವರಿಗೆಲ್ಲ ಕೊರೆಯುತ್ತಿದ್ದೆ.

ಮೇಲಿನ ಮಹಡಿಯ ಅಂಕಲ್ ಸಿಕ್ಕಿಬಿದ್ದದ್ದೂ ಹಾಗೇ. ಮಂಗಳೂರಿನ ಕ್ಯಾಥೊಲಿಕರು, ಎಂಬತ್ತರ ಹತ್ತಿರದವರು, ಒಂಟಿ. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಅವರಿಗೂ ರೊಟ್ಟಿ ತಪಾವ್, ಅಂದರೆ ಪಾರ್ಸೆಲ್, ತಂದು ಬಾಗಿಲಲ್ಲಿಡುತ್ತಿದ್ದೆ. ಒಂದು ದಿನ ವಾಟ್ಸ್ಯಾಪಿನಲ್ಲಿ ಫೋಟೊ ಬಂತು: ಬೆಳ್ಳಿಯ ಪದಕ, ಪಕ್ಕದಲ್ಲಿ ಕಂದು ಡಬ್ಬಿ. ಹಿಂದೆಯೇ ಫೋನು.

“ಅಪ್ಪ ಸತ್ತ ಮೇಲೆ ಅವರ ಟ್ರಂಕಿನಲ್ಲಿ ಸಿಕ್ಕಿದ್ದು ಮಾರಾಯ್ತಿ. ಯುದ್ಧದಲ್ಲಿ ಜಪಾನಿನವರು ಇಲ್ಲಿ ಆಳುವಾಗ ಅಪ್ಪ ಅವರ ಆಫೀಸಿನಲ್ಲಿ ಗುಮಾಸ್ತ. ನೆರೆಮನೆಯವರನ್ನು ಹಿಡಿದುಕೊಟ್ಟು ಇನಾಮು ತಗೊಂಡ ಅಂತ ಜನ ಹೇಳ್ತಿದ್ರು. ಇದು ಆಗಿನದ್ದಾ, ನೋಡಿ ಹೇಳು.”

ನಾನೊಬ್ಬಳು ಪೆದ್ದಿ. ಗೊತ್ತಿರುವ ಪ್ರಶ್ನೆಯೇ ಪರೀಕ್ಷೆಯಲ್ಲಿ ಬಂದ ಖುಷಿಯಲ್ಲಿ, “ರಟ್ಟಿನ ಡಬ್ಬಿ ಅಂಕಲ್, ಯುದ್ಧದ ಟೈಮಿಂದೇ, ಗ್ಯಾರಂಟಿ” ಎಂದುಬಿಟ್ಟೆ. ಅವರು “ಆಯ್ತು” ಎಂದು ಫೋನಿಟ್ಟರು. ಮರುದಿನ ನೋಡಿದರೆ ರೊಟ್ಟಿಯ ಪೊಟ್ಟಣ ಇಟ್ಟಲ್ಲೇ ಇತ್ತು. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ ಅನಿಸಿತು.

ಮಾಸ್ಕ್ ಹಾಕಿಕೊಂಡು ಬೆಲ್ ಒತ್ತಿದೆ. ನಾನು ಹೇಳಿದ್ದು ತಪ್ಪಾಗಿರಲಪ್ಪಾ ಅಂದುಕೊಳ್ಳುತ್ತಲೇ ಡಬ್ಬಿ ಕೇಳಿ ಇಸಕೊಂಡೆ. ರಟ್ಟಿಗೆ ಇಷ್ಟು ಭಾರ ಎಲ್ಲಿಂದ ಬರಬೇಕು? ತಿರುಗಿಸಿದರೆ ಮುಚ್ಚಳಕ್ಕೂ ತಳಕ್ಕೂ ಬೇರೆಬೇರೆಯಾಗಿ ಕಾಗದ ಅಂಟಿಸಿದ್ದರು. ಮೂಲೆಯಲ್ಲಿ ಮಡಿಕೆ. ಜೂನ್ ತಿಂಗಳಲ್ಲಿ ಸ್ಕೂಲ್ ಪುಸ್ತಕಕ್ಕೆ ಹಾಕುತ್ತಿದ್ದೆವಲ್ಲ, ಅದೇ ಮಡಿಕೆ.

“ಅಂಕಲ್, ಇದಕ್ಕೆ ಬೈಂಡ್ ಹಾಕಿದ್ದು ಯಾರು?”

“ಅಮ್ಮ ಇರಬೇಕು. ಪ್ರಾರ್ಥನೆ ಪುಸ್ತಕ, ಬಿಸ್ಕೆಟ್ ಡಬ್ಬಿ, ಎಲ್ಲದಕ್ಕೂ ಬ್ರೌನ್ ಪೇಪರ್ ಹಾಕ್ತಿದ್ದರು.”

ಉಗುರಿನಿಂದ ಬಿಡಿಸಿದೆ. ಕರಿ ಮೆರುಗಿನ ಮರ, ಚಿನ್ನದ ಅಕ್ಷರ. ಅಲ್ಲೇ ಕುಣಿದುಬಿಡುವಷ್ಟು ಸಂತೋಷವಾಯಿತು ನನಗೆ. ಒಳಗಿನ ವೆಲ್ವೆಟ್ಟಿನ ಗುಳಿಯಲ್ಲಿ ಪದಕ ಪಕ್ಕಾ ಕೂತಿತು; ಬೇರೆ ಯಾವುದರದೋ ಡಬ್ಬಿಯಲ್ಲ. ನಿಂತಲ್ಲಿಂದಲೇ ಗುಂಪಿಗೆ ಫೋಟೊ ಕಳಿಸಿದೆ. ಬಲ್ಲವರೂ ಅದನ್ನೇ ಹೇಳಿದರು, ಆ ಯುದ್ಧಕ್ಕಿಂತ ಎಷ್ಟೋ ಹಿಂದಿನದು.

“ಅಂಕಲ್, ಇದನ್ನ ಕೊಡುವಾಗ ನಿಮ್ಮಪ್ಪ ಮಂಗಳೂರಲ್ಲಿ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ ಹುಡುಗ. ಯಾರೋ ಹಳೇ ಸಿಪಾಯಿದು ಇದು. ನಿಮ್ಮಪ್ಪನಿಗೆ ಕೊಟ್ಟಿದ್ದಲ್ಲವೇ ಅಲ್ಲ.”

ಅವರು ಡಬ್ಬಿಯನ್ನು ಇಸಕೊಂಡು ತಿರುಗಿಸಿ ನೋಡಿದರು. “ಮತ್ತೆ ಅಪ್ಪನ ಹತ್ತಿರ ಹೇಗೆ ಬಂತು?”

“ಜಪಾನಿನವರು ಸೋತು ಹೋಗುವಾಗ ಆಫೀಸಲ್ಲಿ ಬಿದ್ದಿತ್ತೇನೋ. ಎತ್ತಿಟ್ಕೊಂಡಿರಬಹುದು.”

“ಕದ್ದದ್ದು ಅನ್ನು.”

“ಇರಬಹುದು ಅಂಕಲ್,” ಎಂದೆ, ತಡವರಿಸುತ್ತ.

ಅವರು ಕಣ್ಣೊರೆಸಿಕೊಂಡರು. ನೋಡಿದರೆ ನಗುತ್ತಿದ್ದರು. “ಬರೀ ಕಳ್ಳ,” ಎಂದರು. “ದೇವರು ದೊಡ್ಡವನು ಮಾರಾಯ್ತಿ. ನಮ್ಮಪ್ಪ ಬರೀ ಕಳ್ಳ.”